ದೀಪಾವಳಿ ಕಳೆದ ಮೇಲಿನ ಬಿರುಗಾಳಿ

ವಡಾಲದ ಪೂರ್ವಕ್ಕೆ ಹಿಂದೆ ಹರಡಿಕೊಂಡಿದ್ದ ಉಪ್ಪಿನಾಗರಗಳನ್ನು ನಮ್ಮ ಹಿರಿಯ ಸದಸ್ಯರು ಮರೆತಿರಲಾರರು. ಮಳೆಗಾಲ ಮುಗಿದ ಮೇಲೆ ಪಾತಿಗಳಿಗೆ ಉಬ್ಬರದ ನೀರು ಹಾಯಿಸಿ, ಬಿಸಿಲಿಗೆ ಬಿಟ್ಟು ಉಪ್ಪು ತೆಗೆಯುವ ಕಸುಬು ಅದು. ಒಂದು ಅಕಾಲದ ಮಳೆ ಬಂದರೆ ವಾರಗಟ್ಟಲೆಯ ದುಡಿಮೆ ಕರಗಿ ಹೋಗುತ್ತದೆ. ದೀಪಾವಳಿ ಕಳೆದರೆ ಮಳೆ ಗಾಳಿಗಳ ಭಯವಿಲ್ಲ ಎಂಬ ಭರವಸೆಯೇ ಆ ಕಸುಬಿನ ಬಂಡವಾಳ. ಅದೇ ಭರವಸೆಯಿಂದ ನಮ್ಮ ಕರಾವಳಿಯ ಹಿರಿಯರೂ ಮಂಗಳೂರಿನಲ್ಲಿ ಹಡಗು ಹತ್ತಿ ಮುಂಬಯಿಗೆ ಬಂದರು. ಈ ಭರವಸೆ ಎಷ್ಟು ಗಟ್ಟಿಯಾದದ್ದು?

೧೮೮೨ರ ಜೂನಿನಲ್ಲಿ ಚಂಡಮಾರುತವೊಂದು ಮುಂಬಯಿಯ ಲಕ್ಷ ಜನರನ್ನು ಬಲಿ ತೆಗೆದುಕೊಂಡಿತೆಂದು ಅನೇಕ ಕಡೆ ಬರೆದಿದೆ. ಸಂಶೋಧಕರು ಆ ಕಾಲದ ದಾಖಲೆಗಳನ್ನು ಶೋಧಿಸಿದಾಗ ಅಂಥ ಅನಾಹುತದ ಸುಳಿವೇ ಸಿಗಲಿಲ್ಲ. ನಡೆಯದ ಕತೆಯನ್ನು ನಾವು ನೆನಪಿಟ್ಟುಕೊಂಡೆವು, ನಡೆದದ್ದನ್ನು ಮರೆತೆವು. ೧೮೫೪ರ ನವೆಂಬರಿನ ಬಿರುಗಾಳಿಗೆ ಈ ನಗರದಲ್ಲಿ ಸುಮಾರು ಸಾವಿರ ಜನ ಪ್ರಾಣ ತೆತ್ತರು. ೧೮೮೮ರ ನವೆಂಬರಿನಲ್ಲಿ ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ 'ವೈತರಣಾ' ಹಡಗು ಏಳುನೂರಕ್ಕೂ ಹೆಚ್ಚು ಜನರೊಡನೆ ಕಣ್ಮರೆಯಾಯಿತು. ೧೯೪೮ರ ನವೆಂಬರ್ ೨೧-೨೨ರಂದು ಚಂಡಮಾರುತ ಮುಂಬಯಿಗೇ ಬಂದೆರಗಿತು. ೨೦೦೯ರ ನವೆಂಬರ್ ೧೧ರಂದು 'ಫಿಯಾನ್' ಅಲಿಬಾಗ್-ಮುಂಬಯಿ ನಡುವೆ ದಡ ಸೇರಿತು. ೨೦೧೭ರ ಡಿಸೆಂಬರಿನಲ್ಲಿ 'ಓಖಿ'ಯ ಮಳೆಗೆ ಶಾಲೆಗಳು ಮುಚ್ಚಿದವು, ಡಾ. ಅಂಬೇಡ್ಕರರ ಪುಣ್ಯತಿಥಿಗೆಂದು ದಾದರಿಗೆ ಬಂದಿದ್ದ ಜನರಿಗೆ ಶಾಲೆಗಳಲ್ಲಿ ಆಶ್ರಯ ಕೊಡಬೇಕಾಯಿತು.

ಇದಕ್ಕೆ ಕಾರಣವಿದೆ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತಕ್ಕೆ ಎರಡು ಕಾಲ: ಮುಂಗಾರಿಗೆ ಮುಂಚೆ ಒಮ್ಮೆ, ಮುಂಗಾರು ಹಿಂದೆಗೆದ ಮೇಲೆ ಇನ್ನೊಮ್ಮೆ. ಹೆಚ್ಚಿನವು ಒಮಾನ್ ಕಡೆಗೋ ಗುಜರಾತಿನ ಕಡೆಗೋ ಸಾಗುವುದರಿಂದ ಮುಂಬಯಿ ಬಹುಪಾಲು ಪಾರಾಗಿದೆ. ಆದರೆ ಈಗ ಕಡಲು ಕಾಯುತ್ತಿದೆ, ಬೆಚ್ಚಗಿನ ನೀರೇ ಬಿರುಗಾಳಿಗೆ ಆಹಾರ. ೨೦೧೯ರ ಒಂದೇ ವರ್ಷದಲ್ಲಿ ಈ ಸಮುದ್ರದಲ್ಲಿ ಐದು ಚಂಡಮಾರುತಗಳೆದ್ದವು. ಅವುಗಳಲ್ಲಿ 'ಕ್ಯಾರ್' ಮತ್ತು 'ಮಹಾ' ಏಕಕಾಲದಲ್ಲಿ ಸುತ್ತುತ್ತಿದ್ದವು.

ಪಂಚಾಂಗದ ಮೇಲೆ ಮಾತ್ರ ನಂಬಿಕೆಯಿಟ್ಟು ದೋಣಿ ಇಳಿಸುವವನೂ, ತಗ್ಗಿನ ಗುಡಿಸಲಲ್ಲಿ ಮಲಗುವವನೂ ಇನ್ನು ನಿಶ್ಚಿಂತರಾಗಿರುವಂತಿಲ್ಲ. ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ನವೆಂಬರಿನಲ್ಲೂ ಜೂನಿನಷ್ಟೇ ಶ್ರದ್ಧೆಯಿಂದ ಕೇಳಬೇಕು. ೧೯೪೮ರ ಆ ಗಾಳಿಯನ್ನು ಬಾಲ್ಯದಲ್ಲಿ ಕಂಡವರು ನಮ್ಮ ಓದುಗರಲ್ಲಿ ಇದ್ದರೆ ದಯವಿಟ್ಟು ಬರೆದು ತಿಳಿಸಲಿ. ನಿಜವಾದ ನೆನಪುಗಳು ಅಳಿದರೆ ಉಳಿಯುವುದು ಕಟ್ಟುಕತೆಗಳು ಮಾತ್ರ.