ಹೆಜ್ಜುಂಕದಿಂದ ಹಿತ್ತಲ ಕೋಣೆಯವರೆಗೆ: ಕೊಲ್ಹಾಪುರ ಸೀಮೆಯಲ್ಲಿ ದಾರಿಯ ತೆರಿಗೆ

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆ ಕನ್ನಡಿಗರ ನಾಲಗೆಯ ಮೇಲೆ ಇಂದಿಗೂ ಇದೆ. ದಾರಿಯಲ್ಲಿ ತೆರಿಗೆ ವಸೂಲು ಮಾಡುವವನಿಗೆ ಕೊಡುವವನ ಕಷ್ಟ ಕೇಳಿಸದು ಎಂಬುದು ಅದರ ಭಾವ. ಆದರೆ ಇದೇ ನಾಡಿನ ಹನ್ನೆರಡನೆಯ ಶತಮಾನವು ಸುಂಕದ ಕಾಯಕದವನೊಬ್ಬನನ್ನು ಶರಣನನ್ನಾಗಿಯೂ ಕಂಡಿತು. ಸುಂಕದ ಬಂಕಣ್ಣನು 'ಬಂಕೇಶ್ವರಲಿಂಗ' ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದನು. ಸುಂಕವನ್ನು ಕುರಿತ ಈ ಎರಡು ಭಾವಗಳು, ಒಂದು ದೂರು, ಇನ್ನೊಂದು ಗೌರವ, ನಮ್ಮ ಚರಿತ್ರೆಯಲ್ಲಿ ಜೊತೆಜೊತೆಯಾಗಿಯೇ ಸಾಗಿಬಂದಿವೆ. ಯಾವ ಸುಂಕವನ್ನು ಜನ ಸಹಿಸಿದರು, ಯಾವುದನ್ನು ಸಹಿಸಲಿಲ್ಲ ಎಂಬುದನ್ನು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಸೀಮೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ದಾರಿಯ ತೆರಿಗೆ ಈಗ ನಾಕೆಯನ್ನು ಬಿಟ್ಟು ಮನೆಯ ಪರವಾನಗಿಯೊಳಗೆ ಸೇರುತ್ತಿರುವುದರಿಂದ ಈ ಪರಿಶೀಲನೆಗೆ ಹೆಚ್ಚಿನ ಮಹತ್ವವಿದೆ.

ಕೊಲ್ಹಾಪುರದ ಶಿಲಾಹಾರರ ಶಾಸನಗಳಲ್ಲಿ ಬಹಳಷ್ಟು ಕನ್ನಡದವು ಎಂಬುದು ಈ ಸಂಚಿಕೆಯ ಓದುಗರಿಗೆ ಹೊಸ ಸಂಗತಿಯಲ್ಲ. ಅವುಗಳಲ್ಲಿ ಗಂಡರಾದಿತ್ಯನ ಕಾಲದ ಶಕವರ್ಷ 1058ರ, ಅಂದರೆ ಕ್ರಿ.ಶ. 1135ರ ಸುಮಾರಿನ ಶಾಸನ ನಮ್ಮ ವಿಷಯಕ್ಕೆ ಮುಖ್ಯವಾದುದು. ಸಾಮಂತ ನಿಂಬದೇವನು ಕವಡೆಗೊಳ್ಳದ ಸಂತೆಯಲ್ಲಿ ಪಾರ್ಶ್ವನಾಥನಿಗೆ ಬಸದಿಯನ್ನು ಕಟ್ಟಿಸಿದನು. ಅದರ ನಿರ್ವಹಣೆಗಾಗಿ ಅಯ್ಯಾವೊಳೆಯ ಐನೂರ್ವರ ಸಂಘಕ್ಕೆ ಸೇರಿದ ವರ್ತಕರು ಸೇರಿ, ತಾವು ಮಾರುವ ಸರಕುಗಳ ಮೇಲೆ ಆಯವನ್ನು ಗೊತ್ತುಪಡಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿಗಳು ಮೂರು. ಆಯವನ್ನು ಗೊತ್ತುಪಡಿಸಿದವರು ಅದನ್ನು ಕೊಡಬೇಕಾದವರೇ ಆಗಿದ್ದರು. ಅದು ಎಲ್ಲಿಗೆ ಸಲ್ಲುವುದೆಂಬುದು ಸಂತೆಗೆ ಬಂದವರ ಕಣ್ಣೆದುರಿಗೇ ಇದ್ದಿತು. ನಿರ್ಣಯವು ಕಲ್ಲಿನ ಮೇಲೆ, ನೆಲದ ಭಾಷೆಯಲ್ಲಿ, ಎಲ್ಲರ ಎದುರು ನಿಂತಿತು.

ಆ ಕಾಲದ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕದ ಹೆಸರುಗಳು ಮತ್ತೆ ಮತ್ತೆ ಕಾಣಿಸುತ್ತವೆ. ಮನೆಯ ಮೇಲಿನ ತೆರಿಗೆಗೆ ಮನೆದೆರೆ ಎಂಬ ಬೇರೆಯೇ ಹೆಸರಿತ್ತು. ದಾರಿಯಲ್ಲಿ ಸಾಗುವ ಸರಕಿಗೆ ಒಂದು ತೆರಿಗೆ, ನಿಂತ ಮನೆಗೆ ಮತ್ತೊಂದು. ಇವೆರಡೂ ಬೆರೆಯುತ್ತಿರಲಿಲ್ಲ. ಸರಕಿನ ಮೇಲಿನ ಆಯವನ್ನು ಎಣಿಸುವಾಗಲೂ ಹೇರು, ಬಂಡಿ, ಹೊರೆ ಎಂಬ ಅಳತೆಗಳು ಬಳಕೆಯಲ್ಲಿದ್ದವು. ಎತ್ತಿನ ಬೆನ್ನಿನ ಹೇರಿಗೂ ಬಂಡಿಯ ತುಂಬ ತಂದ ಸರಕಿಗೂ ತಲೆಯ ಮೇಲೆ ಹೊತ್ತು ತಂದ ಹೊರೆಗೂ ಒಂದೇ ದರವಿರಲಿಲ್ಲ. ಭಾರಕ್ಕೆ ತಕ್ಕ ಬೆಲೆ ಎಂಬ ನ್ಯಾಯವನ್ನು ನಮ್ಮ ಹಿರಿಯರು ಯಾವ ಕಾನೂನು ಪುಸ್ತಕದಿಂದಲೂ ಕಲಿಯಬೇಕಾಗಿರಲಿಲ್ಲ.

ಅಲ್ಲಿಂದ ಮುಂದಿನ ಶತಮಾನಗಳಲ್ಲಿ ಅರಸುಮನೆತನಗಳು ಬದಲಾದವು. ಸುಂಕಕ್ಕೆ ಜಕಾತಿ ಎಂಬ ಹೆಸರು ಬಳಕೆಗೆ ಬಂದಿತು. ಕೊಲ್ಹಾಪುರಕ್ಕೆ 1854ರಲ್ಲಿ ನಗರಸಭೆ ಬಂದಿತು. 1891ರಲ್ಲಿ ಮಿರಜದಿಂದ ರೈಲು ಬಂದಿತು. ಶಾಹು ಮಹಾರಾಜರು 1895ರಲ್ಲಿ ಶಾಹುಪುರಿಯ ಪೇಟೆಯನ್ನು ನೆಲೆಗೊಳಿಸಿದ ಮೇಲೆ ಬೆಲ್ಲದ ವ್ಯಾಪಾರ ಬೆಳೆಯಿತು. ಇಚಲಕರಂಜಿಯಲ್ಲಿ ಜಹಗೀರುದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಆಶ್ರಯದಲ್ಲಿ 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಓಡಿತು. ಸರಕು ಬೆಳೆದಂತೆ ಊರ ಬಾಗಿಲ ಜಕಾತಿಯೇ ಪುರಸಭೆಗಳ ಮುಖ್ಯ ಆದಾಯವಾಯಿತು. ಕರ್ನಾಟಕವು 1979ರಲ್ಲಿಯೇ ಜಕಾತಿಯನ್ನು ತೆಗೆದು ಪ್ರವೇಶ ತೆರಿಗೆಯನ್ನು ತಂದಿತು. ಮಹಾರಾಷ್ಟ್ರದ ಮಹಾನಗರಪಾಲಿಕೆಗಳಲ್ಲಿ ಅದು ಬಹುಕಾಲ ಉಳಿದು, ಕೊನೆಗೆ ಅದರ ಸ್ಥಾನಕ್ಕೆ ಸ್ಥಳೀಯ ಸಂಸ್ಥಾ ತೆರಿಗೆ ಬಂದಿತು. 2015ರ ಆಗಸ್ಟ್ 1ರಿಂದ 50 ಕೋಟಿ ರೂಪಾಯಿಗಿಂತ ಕಡಿಮೆ ವಹಿವಾಟಿನ ವರ್ತಕರಿಗೆ ಅದೂ ರದ್ದಾಯಿತು. ಹೀಗೆ ಪುರಸಭೆಗಳ ಹಳೆಯ ಆದಾಯ ಒಂದೊಂದಾಗಿ ಕಳಚಿತು. ರಸ್ತೆಯನ್ನು ಮಾತ್ರ ಕಟ್ಟಲೇಬೇಕಾಗಿತ್ತು.

ಕೊಲ್ಹಾಪುರದ ಟೋಲ್ ಪ್ರಕರಣ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ನಗರದೊಳಗಿನ ಸುಮಾರು 50 ಕಿಲೋಮೀಟರ್ ರಸ್ತೆಯನ್ನು 220 ಕೋಟಿ ರೂಪಾಯಿಗಳ ಅಂದಾಜಿನಲ್ಲಿ ಖಾಸಗಿ ಕಂಪನಿಯೊಂದು ನಿರ್ಮಿಸುವುದು, 30 ವರ್ಷಗಳ ಕಾಲ ನಗರದ ಅಂಚಿನ 9 ನಾಕೆಗಳಲ್ಲಿ ಟೋಲ್ ವಸೂಲು ಮಾಡಿ ಹಣವನ್ನು ಮರಳಿ ಪಡೆಯುವುದು, ಇದು ಒಪ್ಪಂದದ ತಿರುಳು. ಹೆದ್ದಾರಿಯ ಟೋಲನ್ನು ಈ ಸೀಮೆಯ ಜನ ಮೊದಲೇ ಬಲ್ಲರು. ಪುಣೆ-ಬೆಂಗಳೂರು ದಾರಿಯಲ್ಲಿ ಉತ್ತರಕ್ಕೆ ಕಿಣಿ, ದಕ್ಷಿಣಕ್ಕೆ ಗಡಿ ದಾಟಿದೊಡನೆ ಕೊಗನೊಳ್ಳಿ ನಾಕೆಗಳಿವೆ. ಆದರೆ ತಮ್ಮದೇ ಊರಿನ ಆಸ್ಪತ್ರೆಗೆ, ಮಾರುಕಟ್ಟೆಗೆ, ದೇವಿಯ ಗುಡಿಗೆ ಹೋಗಲು ಹಣ ತೆರುವುದು ಅವರಿಗೆ ಹೊಸದು. ಹಿರಿಯ ಹೋರಾಟಗಾರರಾದ ಪ್ರಾ. ಎನ್. ಡಿ. ಪಾಟೀಲ ಮತ್ತು ಕಾಮ್ರೇಡ್ ಗೋವಿಂದ ಪಾನಸರೆಯವರ ಮುಂದಾಳತನದಲ್ಲಿ ಸರ್ವಪಕ್ಷೀಯ ಚಳವಳಿ ಬೆಳೆಯಿತು. 2013ರ ಅಕ್ಟೋಬರಿನಲ್ಲಿ ವಸೂಲಿ ಆರಂಭವಾಯಿತು. 2014ರ ಜನವರಿಯಲ್ಲಿ ರೊಚ್ಚಿಗೆದ್ದ ಗುಂಪುಗಳು ನಾಕೆಗಳಿಗೆ ಬೆಂಕಿಯಿಟ್ಟವು. 2015ರ ಫೆಬ್ರವರಿ 16ರಂದು ಪಾನಸರೆಯವರ ಮೇಲೆ ಗುಂಡಿನ ದಾಳಿ ನಡೆದು, 20ರಂದು ಅವರು ತೀರಿಕೊಂಡರು. ಚಳವಳಿಯ ಫಲವನ್ನು ಕಾಣಲು ಅವರು ಉಳಿಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಟೋಲನ್ನು ರದ್ದುಪಡಿಸಿ, ಕಂಪನಿಗೆ ಪರಿಹಾರ ಕೊಡುವ ಹೊಣೆಯನ್ನು ತಾನು ಹೊತ್ತಿತು.

ಈ ಪ್ರಕರಣವನ್ನು ತೆರಿಗೆ ಕೊಡಲೊಲ್ಲದ ಜನರ ಹಟವೆಂದು ಬಗೆಯುವುದು ಸರಿಯಲ್ಲ. ರಸ್ತೆಯ ವೆಚ್ಚ ಮಾಯವಾಗಲಿಲ್ಲ. ಅದು ನಾಕೆಯಿಂದ ರಾಜ್ಯದ ಬೊಕ್ಕಸಕ್ಕೆ, ಎಂದರೆ ಎಲ್ಲ ಊರುಗಳ ಎಲ್ಲ ಜನರ ತಲೆಗೆ ವರ್ಗವಾಯಿತಷ್ಟೇ. ಶಿಲಾಹಾರರ ಕಾಲದ ಸಂತೆಯಲ್ಲಿದ್ದ ಮೂರು ಗುಣಗಳು ಇಲ್ಲಿರಲಿಲ್ಲ ಎಂಬುದೇ ಮುಖ್ಯ. ದರವನ್ನು ಗೊತ್ತುಪಡಿಸುವಾಗ ಕೊಡುವವನ ದನಿಯಿರಲಿಲ್ಲ. ಹಣ ಎಷ್ಟು ಬಂದಿತು, ಎಲ್ಲಿಗೆ ಹೋಯಿತು ಎಂಬುದು ಕಣ್ಣಿಗೆ ಕಾಣುತ್ತಿರಲಿಲ್ಲ. ಕರಾರು ಕಚೇರಿಯ ಭಾಷೆಯಲ್ಲಿತ್ತು.

ನಾಕೆಗಳು ಹೋದವು. ಆದರೆ ವಾಹನ ದಟ್ಟಣೆಯ ಬೆಲೆಯನ್ನು ಮನೆ ಕಟ್ಟುವವನಿಂದ ಪಡೆಯುವ ಮಾರ್ಗ ಅದಕ್ಕೂ ಮೊದಲೇ ತೆರೆದಿತ್ತು. ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಅಧಿನಿಯಮ 1966ಕ್ಕೆ 1992ರ ತಿದ್ದುಪಡಿಯಲ್ಲಿ ಅಭಿವೃದ್ಧಿ ಶುಲ್ಕದ ಅಧ್ಯಾಯ ಸೇರಿತು. ಮುಂದೆ ಮೆಟ್ರೊದಂತಹ ನಗರಸಾರಿಗೆ ಯೋಜನೆಗಳಿಗಾಗಿ ಆ ಶುಲ್ಕವನ್ನು ಏರಿಸುವ ಅವಕಾಶವೂ ಬಂದಿತು. ಕರ್ನಾಟಕದ 1961ರ ಅಧಿನಿಯಮದ 18ಎ ಪ್ರಕರಣದಲ್ಲಿ ಅಭಿವೃದ್ಧಿಗೆ ಅನುಮತಿ ಕೊಡುವಾಗ ವರ್ತುಲ ರಸ್ತೆಗೆಂದು ಉಪಕರವನ್ನು ವಿಧಿಸಲು ಅವಕಾಶವಿದೆ. ಕೊಲ್ಹಾಪುರದ ಸುತ್ತಲಿನ 42 ಹಳ್ಳಿಗಳಿಗೆ 2017ರಲ್ಲಿ ನಗರಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಬಂದಿತು. ಇಚಲಕರಂಜಿ 2022ರಲ್ಲಿ ಮಹಾನಗರಪಾಲಿಕೆಯಾಯಿತು. ನಿನ್ನೆಯವರೆಗೆ ಹಿತ್ತಲಲ್ಲಿ ಎರಡು ಕೋಣೆ ಏರಿಸಲು ಊರ ಹಿರಿಯರ ಮಾತು ಸಾಕೆಂದುಕೊಂಡಿದ್ದ ಕುಟುಂಬ ಇಂದು ನಕ್ಷೆ, ಪರವಾನಗಿ, ಶುಲ್ಕಗಳ ಲೆಕ್ಕವನ್ನು ಅರಿಯಬೇಕಾಗಿದೆ. ಮನೆದೆರೆ ಮತ್ತು ಹೆಜ್ಜುಂಕ ಒಂದೇ ರಸೀದಿಯಲ್ಲಿ ಕೂಡುತ್ತಿವೆ.

ಇದೇ ಪ್ರಶ್ನೆ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದೆ. ಅಲ್ಲಿ ಹೊಸ ಮನೆಯಿಂದ ರಸ್ತೆಗೆ ಬೀಳುವ ಹೊರೆಗೆಂದು ಸಂಚಾರ ಶುಲ್ಕವನ್ನು ವಿಧಿಸುವ ರೂಢಿಯಿದೆ. ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ ತನ್ನ ಜಾಗದಲ್ಲಿ ಸಿದ್ಧಮನೆಯೊಂದನ್ನು ನಿಲ್ಲಿಸಲು ಹೊರಟ ಗೃಹಸ್ಥನಿಗೆ 23,420 ಡಾಲರ್ ಸಂಚಾರ ಶುಲ್ಕ ಬಿದ್ದಿತು. ಕಾನೂನು ರಚಿಸುವ ಸಭೆಯೇ ವಿಧಿಸಿದ ಶುಲ್ಕವೆಂಬ ಕಾರಣಕ್ಕೆ ಅದು ಪರೀಕ್ಷೆಯಿಂದ ಪಾರಾಗಲಾರದು ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2024ರ ಏಪ್ರಿಲ್ 12ರಂದು ಒಮ್ಮತದಿಂದ ತೀರ್ಪಿತ್ತಿತು. ಪರವಾನಗಿಗೆ ಕಟ್ಟುವ ಶುಲ್ಕಕ್ಕೂ ಆ ಕಟ್ಟಡ ತರುವ ಹೊರೆಗೂ ಸಂಬಂಧವಿರಬೇಕು, ಅವು ಸರಿಸುಮಾರು ತೂಗಬೇಕು ಎಂಬುದು ಆ ಪರೀಕ್ಷೆ. ಹಿತ್ತಲ ಉಪಮನೆಗಳ ವಿಷಯದಲ್ಲಂತೂ ಕ್ಯಾಲಿಫೋರ್ನಿಯಾ 2020ರಿಂದ 750 ಚದರಡಿಗಿಂತ ಚಿಕ್ಕವನ್ನು ಇಂತಹ ಶುಲ್ಕದಿಂದ ಬಿಟ್ಟಿದೆ. ದೊಡ್ಡವಕ್ಕೆ ಮೂಲ ಮನೆಯ ವಿಸ್ತೀರ್ಣದೊಡನೆ ಹೋಲಿಸಿ ಪಾಲು ಹಾಕುತ್ತದೆ. ಹೇರು, ಬಂಡಿ, ಹೊರೆಗಳ ಭೇದವನ್ನು ಕಲ್ಲಿನಲ್ಲಿ ಓದಿದವರಿಗೆ ಈ ನ್ಯಾಯ ಅಪರಿಚಿತವೆನಿಸದು.

ನಮ್ಮ ಮೂರು ಊರುಗಳಲ್ಲಿ ದಟ್ಟಣೆಯ ಕಾರಣವೂ ಒಂದೇ ಬಗೆಯದಲ್ಲ. ಕೊಲ್ಹಾಪುರಕ್ಕೆ ಮಹಾಲಕ್ಷ್ಮಿಯ ದರ್ಶನಕ್ಕೆ ಬರುವ ಯಾತ್ರಿಕರ ವಾಹನಗಳಿವೆ. ಇಚಲಕರಂಜಿಯಲ್ಲಿ ನೂಲು ತರುವ, ಬಟ್ಟೆ ಒಯ್ಯುವ ಗಾಡಿಗಳಿವೆ. ಗಡಹಿಂಗ್ಲಜದ ನಡುವೆ ಸಂಕೇಶ್ವರದಿಂದ ಆಜರೆ, ಅಂಬೋಲಿಗಳ ಮೂಲಕ ಬಾಂದಾಕ್ಕೆ ಹೋಗುವ ದಾರಿಯಿದೆ; ಕೊಂಕಣ, ಗೋವೆಗಳಿಗೆ ಸಾಗುವವರು ಊರನ್ನು ಹಾದುಹೋಗುತ್ತಾರೆ. ಇವುಗಳಲ್ಲಿ ಯಾವುದೂ ಹಿತ್ತಲ ಕೋಣೆಯಿಂದ ಹುಟ್ಟಿದುದಲ್ಲ. ಮಗ್ಗದ ಮನೆಯ ಹಿಂದೆ ಒಂದು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟವನ ಬಾಡಿಗೆದಾರನು ಸೈಕಲ್ಲಿನಲ್ಲಿಯೋ ಕಾಲ್ನಡಿಗೆಯಲ್ಲಿಯೋ ಕೆಲಸಕ್ಕೆ ಹೋಗುವವನು. ಕೆಲಸದ ಬಳಿಯೇ ಇಂತಹ ಕೋಣೆ ದೊರೆಯದಿದ್ದರೆ ಅವನು ದೂರದ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರಬೇಕು. ರಸ್ತೆಯ ಹೊರೆ ಆಗ ಹೆಚ್ಚೀತು. ಎರಡು ಕಾರುಗಳ ಬಂಗಲೆಗೂ ಆ ಕೋಣೆಗೂ ಮನೆಗಿಷ್ಟೆಂದು ಒಂದೇ ದರ ಹಾಕಿದರೆ ತಲೆಹೊರೆಯವನಿಂದ ಬಂಡಿಯ ಸುಂಕ ವಸೂಲು ಮಾಡಿದಂತಾಗುತ್ತದೆ. ಅದರ ಫಲವಾಗಿ ಜನ ಕೋಣೆ ಕಟ್ಟುವುದನ್ನು ಬಿಡುವುದಿಲ್ಲ, ಪರವಾನಗಿ ಕೇಳುವುದನ್ನು ಬಿಡುತ್ತಾರೆ. ಪುರಸಭೆಗೆ ಹಣವೂ ಇಲ್ಲ, ಲೆಕ್ಕವೂ ಇಲ್ಲ ಎಂಬಂತಾಗುತ್ತದೆ.

ನಗರಗಳಿಗೆ ಹಣ ಬೇಡವೆಂದು ಹೇಳುವುದು ಜವಾಬ್ದಾರಿಯ ಮಾತಲ್ಲ. ಚರಂಡಿ, ಪಾದಚಾರಿ ಮಾರ್ಗ, ಬೀದಿದೀಪಗಳಿಗೆ ಯಾರಾದರೂ ತೆರಲೇಬೇಕು. ಟೋಲಿನ ಚರಿತ್ರೆ ಕಲಿಸುವ ಪಾಠ ಬೇರೆ: ಶುಲ್ಕವನ್ನು ವಿಧಿಸುವ ಮೊದಲು ವಾರ್ಡಿನ ಸಭೆಯಲ್ಲಿ ಅದರ ಲೆಕ್ಕವನ್ನು ಮುಂದಿಡಬೇಕು. ಕೋಣೆಯ ಅಳತೆಗೂ ವಾಹನದ ಬಳಕೆಗೂ ತಕ್ಕಂತೆ ದರವಿರಬೇಕು. ಒಂದು ಓಣಿಯಲ್ಲಿ ಪಡೆದ ಹಣ ಆ ಓಣಿಯ ರಸ್ತೆಯಲ್ಲಿ ಕಾಣಿಸಬೇಕು. ಗಡಿಭಾಗದ ಕನ್ನಡ ಸಂಘಗಳಿಗೆ ಇಲ್ಲಿ ಒಂದು ಕೆಲಸವಿದೆ. ದರಪಟ್ಟಿ, ನಿಯಮ, ಅರ್ಜಿಯ ಕ್ರಮಗಳನ್ನು ಕನ್ನಡಕ್ಕೆ ತಂದು, ಮನೆಯಲ್ಲಿ ಕನ್ನಡವಾಡುವ ನೇಕಾರ, ರೈತ, ಹಮಾಲರ ಕೈಗೆ ಮುಟ್ಟಿಸುವುದು ಸಾಹಿತ್ಯಸೇವೆಗೆ ಹೊರತಾದ ಕೆಲಸವಲ್ಲ. ಸುಮಾರು 900 ವರ್ಷಗಳ ಹಿಂದೆ ಕವಡೆಗೊಳ್ಳದ ಸಂತೆಯ ವರ್ತಕರು ತಾವು ಕೊಡಬೇಕಾದ ಆಯವೆಷ್ಟೆಂಬುದನ್ನು ತಾವೇ ಕುಳಿತು ನಿರ್ಣಯಿಸಿ, ಅದನ್ನು ಕನ್ನಡದಲ್ಲಿ ಕೆತ್ತಿಸಿದ್ದರು. ಇಂದಿನ ಗೃಹಸ್ಥನಿಗೂ ಅಷ್ಟು ತಿಳಿಯುವ ಹಕ್ಕಿದೆ.