ದಾದರ್ ಟಿ.ಟಿ.ಯಿಂದ ಡಿವೈಡರ್‌ವರೆಗೆ



ಮುಂಬಯಿಯಲ್ಲಿ ಓಡಾಡುವವರಿಗೆ ದಾದರ್ ಟಿ.ಟಿ. ಗೊತ್ತು. ಆದರೆ ಆ ಎರಡು ಅಕ್ಷರಗಳ ಅರ್ಥ ಕೇಳಿದರೆ ಇಂದಿನ ಹುಡುಗರು ತಲೆ ಕೆರೆದುಕೊಳ್ಳುತ್ತಾರೆ. ಟ್ರಾಮ್ ಟರ್ಮಿನಸ್! ಟ್ರಾಮ್ ಹೋಗಿ ಅರವತ್ತು ವರ್ಷ ದಾಟಿತು, ಹೆಸರು ಮಾತ್ರ ಹೋಗಲಿಲ್ಲ.

1896ರಲ್ಲಿ ಪ್ಲೇಗು ಬಂದು ಊರು ತತ್ತರಿಸಿದ ಮೇಲೆ, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಗಾಳಿ ಬೆಳಕು ಬರುವ ಅಗಲ ರಸ್ತೆಗಳ ದಾದರ್, ಮಾಟುಂಗ ಬಡಾವಣೆಗಳು ಅದರ ಯೋಜನೆಯೇ. ಈಗಿನ ಡಾ. ಅಂಬೇಡ್ಕರ್ ರಸ್ತೆಯನ್ನು ಹಳಬರು ವಿನ್ಸೆಂಟ್ ರೋಡ್ ಎನ್ನುತ್ತಿದ್ದರು. ಅಲ್ಲಿ ಟ್ರಾಮಿನ ಹಳಿ ಇದ್ದದ್ದು ರಸ್ತೆಯ ನಟ್ಟನಡುವೆ. ಅಂದರೆ ಜನ ಹತ್ತುವುದೂ ಇಳಿಯುವುದೂ ನಡುರಸ್ತೆಯಲ್ಲೇ. ಅಪಾಯ ಆಗಲೂ ಇತ್ತು, ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ರಸ್ತೆಯ ಮಧ್ಯದಲ್ಲಿ ಮನುಷ್ಯರು ನಿಂತಿರುವುದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ.

ಈ ಊರಲ್ಲಿ ಕುದುರೆ ಎಳೆಯುವ ಟ್ರಾಮ್ ಶುರುವಾದದ್ದು 1874ರಲ್ಲಿ, ವಿದ್ಯುತ್ ಟ್ರಾಮ್ 1907ರಲ್ಲಿ. 1926ರ ಜುಲೈ 15ರಂದು ಅಫ್ಘನ್ ಚರ್ಚ್‌ನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಮೊದಲ ಬಸ್ಸು ಹೊರಟಿತು. ಬಸ್ಸು ನಿಲ್ಲುವುದು ಎಡಬದಿಯ ಫುಟ್‌ಪಾತಿನ ಪಕ್ಕದಲ್ಲಿ. 1964ರ ಮಾರ್ಚ್ 31ರಂದು ಕೊನೆಯ ಟ್ರಾಮ್ ಬೋರಿಬಂದರಿನಿಂದ ದಾದರಿಗೆ ಬಂದು ನಿಂತಿತು. ಅಲ್ಲಿಗೆ ನಡುರಸ್ತೆಯಲ್ಲಿ ನಡೆಯುವವನಿಗಿದ್ದ ಕೆಲಸ ಮುಗಿಯಿತು. ಹಳಿ ಹೋದ ಕಡೆ ಬರಬರುತ್ತಾ ಡಿವೈಡರ್ ಬಂತು, ಅದರ ಮೇಲೆ ಕಬ್ಬಿಣದ ಕಂಬಿ, ಹೂಗಿಡ. ನೋಡಲು ಚೆಂದ, ನಿಲ್ಲಲು ಜಾಗವಿಲ್ಲ!

ನಿಲ್ಲುವ ಜಾಗ ಯಾಕೆ ಬೇಕು? ಲೆಕ್ಕ ಹಾಕಿ ನೋಡೋಣ. ಸಿಗ್ನಲಿನ ಸಮಯ ಗೊತ್ತುಮಾಡುವಾಗ ಇಂಜಿನಿಯರುಗಳು ಸಾಮಾನ್ಯವಾಗಿ ಮನುಷ್ಯ ಸೆಕೆಂಡಿಗೆ 1.2 ಮೀಟರು ನಡೆಯುತ್ತಾನೆಂದು ಹಿಡಿಯುತ್ತಾರೆ. 24 ಮೀಟರು ಅಗಲದ ರಸ್ತೆಗೆ 20 ಸೆಕೆಂಡು. ಮಂಡಿನೋವಿನ ಅಜ್ಜಿ 0.8 ಮೀಟರಿನಂತೆ ನಡೆದರೆ 30 ಸೆಕೆಂಡು. ಉಳಿದ ಆ ಹತ್ತು ಸೆಕೆಂಡು ಆಕೆ ಎಲ್ಲಿರಬೇಕು? ನಡುವೆ ನಾಲ್ಕು ಹೆಜ್ಜೆಯಷ್ಟು ಕಟ್ಟೆ ಇದ್ದರೆ ಒಂದು ಕಡೆಯ ವಾಹನ ನೋಡಿ ಅರ್ಧ ದಾಟಿ, ಉಸಿರು ತೆಗೆದುಕೊಂಡು, ಇನ್ನರ್ಧ ದಾಟಬಹುದು. ಇದಕ್ಕೇನೂ ದೊಡ್ಡ ಖರ್ಚಿಲ್ಲ. ನಮ್ಮವರು ಹಿಡಿದ ದಾರಿ ಬೇರೆ. 2008ರಲ್ಲಿ ಬಾಂದ್ರಾ ಪೂರ್ವದಿಂದ ಆರಂಭಿಸಿ ಸ್ಕೈವಾಕ್‌ಗಳನ್ನು ಕಟ್ಟಿದರು. ಮಂಡಿನೋವಿನ ಅಜ್ಜಿಗೆ ಮೆಟ್ಟಿಲು!

ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825. ದಿನಕ್ಕೆ ಸುಮಾರು ತೊಂಬತ್ತು ಜನ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡೆತಡೆಯಿಲ್ಲದ ಫುಟ್‌ಪಾತ್ ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಒಳ್ಳೆಯದೇ. ಫುಟ್‌ಪಾತ್ ಮುಗಿದ ಮೇಲೆ ರಸ್ತೆ ದಾಟುವ ಪ್ರಶ್ನೆ ಇದ್ದೇ ಇದೆ.

ಇದೇ ಅಂಬೇಡ್ಕರ್ ರಸ್ತೆಯಲ್ಲಿ, ಮೈಸೂರು ಅಸೋಸಿಯೇಷನ್ನಿನ ನಾಟಕಕ್ಕೋ ಉಡುಪಿ ಹೋಟೆಲಿನ ದೋಸೆಗೋ ನಾವೆಲ್ಲ ಹೋಗುವ ಮಾಟುಂಗದಲ್ಲಿ, ನಡುರಸ್ತೆ ಮತ್ತೆ ಜನರ ಕೈಗೆ ಬಂದಿರುವ ಒಂದು ತುಂಡು ಇದೆ. ಫ್ಲೈಓವರಿನ ಕೆಳಗಿನ ಜಾಗ ಪಾರ್ಕಿಂಗಿನ ಪಾಲಾಗಬಾರದೆಂದು ಅಲ್ಲಿಯ ನಿವಾಸಿಗಳು ಪಟ್ಟು ಹಿಡಿದು ಕಾವಲು ಕಾದರು. 2016ರಲ್ಲಿ ಅಲ್ಲಿ ನಾನಾಲಾಲ್ ಡಿ. ಮೆಹ್ತಾ ಉದ್ಯಾನ ತೆರೆಯಿತು. ನರ್ಮದಾ ನದಿಯ ಹರಿವನ್ನು ನೆನಪಿಸುವಂತೆ ಅಂಕುಡೊಂಕಾಗಿ ಸಾಗುವ, ಸುಮಾರು 600 ಮೀಟರಿನ ಕಾಲುದಾರಿ ಅದು. ಮೇಲೆ ವಾಹನ, ಎರಡೂ ಬದಿ ವಾಹನ, ನಡುವೆ ವಾಕಿಂಗ್ ಬಂದ ಹಿರಿಯರು.

ಒಳಗೆ ಹೋಗಬೇಕಾದರೆ ಮಾತ್ರ ಅವರು ಅರ್ಧ ರಸ್ತೆ ದಾಟಲೇಬೇಕು.