ಒಂಟಿ ವಾಹನ ಅಪಘಾತಗಳ ತಡೆ: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಕಾರು ಚಾಲಕರಿಗೆ ಮಾಹಿತಿ

ಬೇರಾವ ವಾಹನವೂ ಡಿಕ್ಕಿಯಾಗದೆ, ಕಾರು ತಾನಾಗಿಯೇ ರಸ್ತೆ ಬಿಟ್ಟು ಹಳ್ಳಕ್ಕೆ ಉರುಳುವುದು, ಮಗುಚುವುದು, ಮರಕ್ಕೆ ಅಥವಾ ಸೇತುವೆಯ ತಡೆಗೋಡೆಗೆ ಬಡಿಯುವುದು ಒಂಟಿ ವಾಹನ ಅಪಘಾತವೆನಿಸುತ್ತದೆ. ಇದರಲ್ಲಿ ಎದುರು ಪಕ್ಷವಿರುವುದಿಲ್ಲ. ಆದುದರಿಂದ ಇದನ್ನು ತಡೆಯುವ ಹೊಣೆ ಬಹುಮಟ್ಟಿಗೆ ಚಾಲಕರದೇ ಆಗಿದ್ದು, ನಂತರದ ನಷ್ಟವೂ ಹೆಚ್ಚಾಗಿ ಅವರ ಕುಟುಂಬದ ಮೇಲೆಯೇ ಬೀಳುತ್ತದೆ.

ಈ ಭಾಗದ ರಸ್ತೆಗಳು

ಹಿಂದೆ 206 ಎಂಬ ಸಂಖ್ಯೆಯಿದ್ದ ರಾಷ್ಟ್ರೀಯ ಹೆದ್ದಾರಿ 69 ಕಡೂರು, ಬೀರೂರು ಮತ್ತು ತರೀಕೆರೆಗಳ ಮೂಲಕ ಹಾದುಹೋಗುತ್ತದೆ. ಬಯಲುಸೀಮೆಯ ನೇರ ರಸ್ತೆಯು ವೇಗಕ್ಕೆ ಪ್ರೇರೇಪಿಸುತ್ತದೆ. ತರೀಕೆರೆಯಿಂದ ಲಿಂಗದಹಳ್ಳಿ ಮಾರ್ಗವಾಗಿ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಗೆ ಹೋಗುವಾಗ ಕಡಿದಾದ ತಿರುವುಗಳು ಎದುರಾಗುತ್ತವೆ. ಗ್ರಾಮೀಣ ರಸ್ತೆಗಳು ಕಿರಿದಾಗಿದ್ದು, ಕೆಲವೆಡೆ ಕೆರೆ ಏರಿಯ ಮೇಲೆ ಸಾಗುತ್ತವೆ.

ಪಾಲಿಸಬೇಕಾದ ಕ್ರಮಗಳು

1. ವೇಗ: ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುತ್ತದೆ. ವೇಗ ಎರಡು ಪಟ್ಟಾದಲ್ಲಿ ಬ್ರೇಕ್ ಹಾಕಿದ ನಂತರ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ತಿರುವಿನೊಳಗೆ ಹೋದ ಮೇಲಲ್ಲ, ತಿರುವಿಗೆ ಮುನ್ನವೇ ವೇಗ ತಗ್ಗಿಸತಕ್ಕದ್ದು.

2. ನಿದ್ರೆ: ಬೆಂಗಳೂರಿನಿಂದ ರಾತ್ರಿ ಹೊರಟವರು ಕಡೂರು ತಲುಪುವ ವೇಳೆಗೆ ಸುಮಾರು 200 ಕಿ.ಮೀ. ಚಲಿಸಿರುತ್ತಾರೆ. ಬೆಳಗಿನ ಜಾವ 2ರಿಂದ 5 ಗಂಟೆಯವರೆಗೆ ತೂಕಡಿಕೆ ಹೆಚ್ಚು. ಕಿಟಕಿ ತೆರೆಯುವುದರಿಂದಾಗಲೀ ಹಾಡು ಕೇಳುವುದರಿಂದಾಗಲೀ ನಿದ್ರೆ ನೀಗುವುದಿಲ್ಲ. ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸಿ ಸ್ವಲ್ಪ ಹೊತ್ತು ಮಲಗುವುದೇ ಸರಿಯಾದ ಕ್ರಮ.

3. ರಸ್ತೆಯ ಅಂಚು: ಚಕ್ರವು ಡಾಂಬರಿನಿಂದ ಮಣ್ಣಿಗಿಳಿದಲ್ಲಿ ಸ್ಟಿಯರಿಂಗನ್ನು ಥಟ್ಟನೆ ಎಳೆಯಬಾರದು. ಹೀಗೆ ಎಳೆದಾಗ ಕಾರು ಮಗುಚುವ ಸಂಭವವಿರುತ್ತದೆ. ಆಕ್ಸಿಲರೇಟರ್ ಬಿಟ್ಟು, ನೇರವಾಗಿ ಸಾಗಿ, ವೇಗ ತಗ್ಗಿದ ಮೇಲೆ ನಿಧಾನವಾಗಿ ರಸ್ತೆಗೆ ಮರಳುವುದು.

4. ಒಕ್ಕಣೆ: ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿ ಮುಂತಾದ ಬೆಳೆಗಳನ್ನು ರಸ್ತೆಯ ಮೇಲೆ ಹರಡುವುದುಂಟು. ಅದರ ಮೇಲೆ ಚಕ್ರ ಜಾರುತ್ತದೆ. ಕಾರಿನಡಿ ಸಿಲುಕಿದ ಒಣಹುಲ್ಲಿಗೆ ಬಿಸಿ ಸೈಲೆನ್ಸರ್‌ನಿಂದ ಬೆಂಕಿ ತಗುಲಬಹುದು. ದೂರದಿಂದಲೇ ವೇಗ ತಗ್ಗಿಸುವುದು. ರೈತರು ಕಣದಲ್ಲಿಯೇ ಒಕ್ಕಣೆ ಮಾಡಿ ಸಹಕರಿಸತಕ್ಕದ್ದು.

5. ಜಾನುವಾರುಗಳು: ಸಂಜೆ ದನಕರುಗಳು ಮನೆಗೆ ಮರಳುವ ಹೊತ್ತಿನಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಪ್ರಾಣಿ ಅಡ್ಡಬಂದಾಗ ತಮ್ಮ ಪಥದಲ್ಲಿಯೇ ಇದ್ದು ಬ್ರೇಕ್ ಹಾಕುವುದು. ಹಠಾತ್ತನೆ ಪಕ್ಕಕ್ಕೆ ತಿರುಗಿಸಿದಾಗ ಕಾರು ಮರಕ್ಕೆ ಬಡಿಯುವ ಅಪಾಯ ಹೆಚ್ಚು.

6. ಇಳಿಜಾರು: ಘಾಟಿ ಇಳಿಯುವಾಗ ಕೆಳಗಿನ ಗೇರ್ ಬಳಸುವುದು. ನ್ಯೂಟ್ರಲ್‌ನಲ್ಲಿ ಇಳಿಯಲೇಬಾರದು. ಸತತವಾಗಿ ಬ್ರೇಕ್ ತುಳಿದಲ್ಲಿ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

7. ಟೈರ್: ತೋಡಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಿರುವ ಟೈರ್ ಮಳೆಗಾಲದಲ್ಲಿ ಹೆಚ್ಚು ಜಾರುತ್ತದೆ. ಅದನ್ನು ಬದಲಿಸುವುದು.

8. ಹಿಂದಿನ ಆಸನದವರೂ ಸೀಟ್ ಬೆಲ್ಟ್ ಧರಿಸತಕ್ಕದ್ದು. ಚಾಲನೆಯಲ್ಲಿ ಮೊಬೈಲ್ ಬಳಸಬಾರದು. ಮದ್ಯಪಾನ ಮಾಡಿ ವಾಹನ ಚಲಾಯಿಸಬಾರದು.

ವಿಮೆ ಮತ್ತು ದಾಖಲೆಗಳು

2014ರಲ್ಲಿ ನೆರೆಯ ಅರಸೀಕೆರೆ ಬಳಿ ಕಾರು ಮಗುಚಿ ಅದರ ಚಾಲಕರು ಮೃತಪಟ್ಟರು. ಕುಟುಂಬದವರು 80 ಲಕ್ಷ ರೂಪಾಯಿ ಪರಿಹಾರ ಕೋರಿದ್ದರು. ಮೃತರ ಸ್ವಂತ ಅತಿವೇಗ ಹಾಗೂ ನಿರ್ಲಕ್ಷ್ಯದಿಂದಲೇ ಅಪಘಾತ ಸಂಭವಿಸಿದ ಕಾರಣ ಪರಿಹಾರ ಸಲ್ಲದೆಂದು ಕರ್ನಾಟಕ ಉಚ್ಚ ನ್ಯಾಯಾಲಯ 2024ರಲ್ಲಿ ತೀರ್ಪಿತ್ತಿತು. ಅದರಲ್ಲಿ ಮಧ್ಯಪ್ರವೇಶಿಸಲು ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ ನಿರಾಕರಿಸಿತು.

ಥರ್ಡ್ ಪಾರ್ಟಿ ವಿಮೆಯು ಇತರರಿಗಾದ ಹಾನಿಗೆ ಮಾತ್ರ ಸಂಬಂಧಿಸಿದ್ದು, ತಪ್ಪೆಸಗಿದ ಚಾಲಕರಿಗೆ ಅನ್ವಯಿಸುವುದಿಲ್ಲ. ಮಾಲೀಕರೇ ಚಾಲಕರಾಗಿದ್ದಲ್ಲಿ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಅದಕ್ಕೆ ಚಾಲನಾ ಪರವಾನಗಿ ಊರ್ಜಿತದಲ್ಲಿರಬೇಕು ಹಾಗೂ ವಾಹನವು ಅವರ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು. ಆದ್ದರಿಂದ:

• ಪರವಾನಗಿಯ ನವೀಕರಣಕ್ಕೆ ಅವಧಿ ಮುಗಿಯುವ ಮುನ್ನವೇ ಅರ್ಜಿ ಸಲ್ಲಿಸುವುದು.
• ಹಳೆಯ ಕಾರು ಖರೀದಿಸಿದವರು 30 ದಿನಗಳೊಳಗೆ ಮಾಲೀಕತ್ವ ವರ್ಗಾವಣೆಗೆ ಅರ್ಜಿ ಸಲ್ಲಿಸುವುದು. ವಿಮಾ ಪತ್ರವನ್ನೂ ತಮ್ಮ ಹೆಸರಿಗೆ ಬದಲಿಸಿಕೊಳ್ಳುವುದು.
• ವಿಮಾ ಪತ್ರದಲ್ಲಿ ವೈಯಕ್ತಿಕ ಅಪಘಾತ ವಿಮೆ ನಮೂದಾಗಿದೆಯೇ, ನಾಮನಿರ್ದೇಶಿತರ ಹೆಸರಿದೆಯೇ ಎಂದು ಪರಿಶೀಲಿಸುವುದು.

ಅಪಘಾತ ಸಂಭವಿಸಿದಲ್ಲಿ

ಇಂಜಿನ್ ನಿಲ್ಲಿಸಿ, ಅಪಾಯ ಸೂಚಕ ದೀಪಗಳನ್ನು ಹಾಕಿ, ಆಂಬ್ಯುಲೆನ್ಸ್‌ಗಾಗಿ 108, ಪೊಲೀಸ್ ಹಾಗೂ ಇತರ ತುರ್ತು ನೆರವಿಗಾಗಿ 112, ರಾಷ್ಟ್ರೀಯ ಹೆದ್ದಾರಿಯಲ್ಲಿದ್ದಲ್ಲಿ 1033 ಸಂಖ್ಯೆಗೆ ಕರೆ ಮಾಡುವುದು. ರಾತ್ರಿ ವೇಳೆ ರಸ್ತೆ ಬಿಟ್ಟುರುಳಿದ ಕಾರು ಬಹಳ ಹೊತ್ತು ಯಾರ ಕಣ್ಣಿಗೂ ಬೀಳದಿರಬಹುದು. ಆದ ಕಾರಣ ಕಂಡವರು ಕೂಡಲೇ ತಿಳಿಸುವುದು ಅಗತ್ಯ. ಗಾಯಾಳುಗಳಿಗೆ ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನಗಳ ಕಾಯ್ದೆ 1988ರ ಕಲಂ 134ಎ ಅಡಿಯಲ್ಲಿ ಕಾನೂನಿನ ರಕ್ಷಣೆ ಇರುತ್ತದೆ. ಅವರು ತಮ್ಮ ಹೆಸರು, ವಿಳಾಸ ನೀಡಲೇಬೇಕೆಂಬ ಒತ್ತಾಯವಿರುವುದಿಲ್ಲ.